ನೀರು ಕುಡಿಯದೆ ಏಳುವಂತಿಲ್ಲ

ಮುರಿಗೆಪ್ಪ ಮಾಸ್ತರರು ಕಂಪ್ಯೂಟರಿಗೂ ನೀರು ಕೊಟ್ಟವರು. ಮಾನ್ವಿಯ ಸಾವುಕಾರರ ಜೀಪಿನಿಂದ ಆ ಯಂತ್ರ ಇಳಿದು, ರಾಯಚೂರಿನ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಜಿನ ಮೇಲೆ ಕುಳಿತ ಕೂಡಲೇ ಒಂದು ತಂಬಿಗೆ ನೀರು ತಂದು ಅದರ ಮುಂದೆ ಇಟ್ಟರು. ಪಕ್ಕದ ಅಂಗಡಿಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ಮೌಲಾಸಾಬ ಎದೆ ಹಿಡಿದುಕೊಂಡು ಓಡಿ ಬಂದ.

"ಅರೆ ಮಾಸ್ತರ್ ಸಾಬ್, ಕರೆಂಟಿನ ಸಾಮಾನು ಅದು! ಒಂದು ಹನಿ ಬಿದ್ರೂ ಖತಂ!"

"ನಾ ಎಲ್ಲಿ ಕುಡಿಸಾಕತ್ತೀನೋ ಮೌಲಾ? ಮುಂದ ಇಟ್ಟೀನಿ, ಅಷ್ಟ. ಬಿಸಿಲಾಗ ಬಂದದ ಪಾಪ. ನೀರು ಮೊದ್ಲು, ಮಾತು ಆಮ್ಯಾಲೆ."

ಈ ಕೊನೆಯ ಮಾತು ಅವರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು. ರಾಯಚೂರಿನ ಬಿಸಿಲು ಕಂಡವರಿಗೆ ಇದರಲ್ಲಿ ವಿಶೇಷ ಕಾಣಲಿಕ್ಕಿಲ್ಲ. ಹೊಸ್ತಿಲಿಗೆ ಬಂದವರ ಕೈಗೆ ತಂಬಿಗೆ ಕೊಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಉಳಿದವರಿಗೆ ಅದು ರೂಢಿ, ಮಾಸ್ತರರಿಗೆ ಮಾತ್ರ ಕಾನೂನು. ಪೋಸ್ಟಮನ್ ಕಾಗದ ಕೊಡುವ ಮುಂಚೆ ಕುಡಿಯಬೇಕು. ಹತ್ತು ಟೈಪ್‌ರೈಟರುಗಳ ಸದ್ದಿಗೆ ನಿದ್ದೆ ಹಾಳಾಯಿತೆಂದು ಜಗಳಕ್ಕೆ ಬಂದ ಹಿಂದಿನ ಮನೆಯಾಕೆ ಬೈಯುವ ಮುಂಚೆ ಕುಡಿಯಬೇಕು. ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಆಕೆಗೆ ಅರ್ಧ ಬೈಗುಳ ಮರೆತುಹೋಗಿರುತ್ತಿದ್ದವು.

ಆ ನೀರಿನ ಕೊಡ ತುಂಬುವವಳು ನಾನು. ನಾನು ಯಾವ ಕೇರಿಯವಳೆಂದು ಕುಡಿದವರು ಕೇಳುತ್ತಿರಲಿಲ್ಲ. ಕೇಳಬೇಕೆಂದು ನೆನಪಾಗುವ ಮುಂಚೆಯೇ ತಂಬಿಗೆ ಬರಿದಾಗಿರುತ್ತಿತ್ತು. ಇದು ಮಾಸ್ತರರ ಯುಕ್ತಿಯೋ ಮರೆವೋ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ.

ಮಾಸ್ತರರು ದೇವದುರ್ಗ ತಾಲೂಕಿನ ಗಬ್ಬೂರಿನವರು. ಕಡ್ಡಿಯಂಥ ಮೈ, ಬಿಳಿ ಧೋತರ, ಮೇ ತಿಂಗಳಲ್ಲೂ ಬಿಚ್ಚದ ಕರಿ ಕೋಟು. ಟೈಪಿಂಗ್ ಕಲಿಸುವಾಗ ಬೆತ್ತ ಹಿಡಿದದ್ದನ್ನು ನಾನು ನೋಡಿಲ್ಲ. ತಪ್ಪು ಅಕ್ಷರ ಹೊಡೆದರೆ ಬಂದು ಪಕ್ಕದಲ್ಲಿ ನಿಂತು, "ಆ ಅಕ್ಷರ ನಿನಗೇನು ಅನ್ಯಾಯ ಮಾಡಿತ್ತವ್ವಾ?" ಎಂದು ಕೇಳುತ್ತಿದ್ದರು. ಅದಕ್ಕಿಂತ ಬೆತ್ತವೇ ಮೇಲಿತ್ತು.

ಎಪ್ಪತ್ತರ ದಶಕದಲ್ಲಿ, ಇನ್ನೂ ಊರಲ್ಲಿದ್ದಾಗ, ಅವರು ಗಬ್ಬೂರಿನ ನಾಟಕಗಳಿಗೆ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದರಂತೆ. ಪಾತ್ರಧಾರಿ ಮರೆತರೆ ಇವರು ಪಿಸುಗುಡಬೇಕು. ಹಾಗೆ ಪಿಸುಗುಟ್ಟಿ ಪಿಸುಗುಟ್ಟಿ ಬೇಸತ್ತು ತಾವೇ ಒಂದು ನಾಟಕ ಬರೆದರು. ಅದರ ರಾಕ್ಷಸ ಹೆಣ್ಣುಮಗಳೊಬ್ಬಳನ್ನು ಹೊತ್ತೊಯ್ಯಲು ಅವಳ ಮನೆಗೆ ಬರುತ್ತಾನೆ. ಅವಳು, ಬಿಸಿಲಿನಲ್ಲಿ ಬಂದಿದ್ದೀರಿ, ನೀರು ತಗೊಳ್ಳಿ ಎನ್ನುತ್ತಾಳೆ. ಅವನು ಕುಡಿಯುತ್ತಾನೆ. ಎರಡು ರೊಟ್ಟಿ ತಿನ್ನುತ್ತಾನೆ. ಉಪ್ಪುಂಡ ಮನೆಗೆ ಕೇಡು ಬಗೆಯಬಾರದೆಂದು ಸುಮ್ಮನೆ ಎದ್ದು ಹೋಗುತ್ತಾನೆ. ಅಲ್ಲಿಗೆ ನಾಟಕ ಮುಗಿಯಿತು. ಹೊಡೆದಾಟ ಈಗ ಬರುತ್ತದೆ, ಆಗ ಬರುತ್ತದೆ ಎಂದು ಜನ ಬಹಳ ಹೊತ್ತು ಕಾದರಂತೆ. ರಾಕ್ಷಸನ ಪಾತ್ರದವನು ಮಾತ್ರ ಮಾಸ್ತರರ ಮುಖ ನೋಡುವುದನ್ನೇ ಬಿಟ್ಟ. "ಆರು ತಿಂಗಳು ಮೀಸಿ ಬೆಳಸೀನಿ, ರೊಟ್ಟಿ ತಿನ್ನಾಕೇನು?" ಎಂಬುದು ಅವನ ಸಂಕಟ. ಮಾಸ್ತರರಿಗೆ ವೈರಿಯನ್ನು ಬರೆಯಲು ಬರುವುದಿಲ್ಲ ಎಂಬುದು ಗಬ್ಬೂರಿಗೆ ಅಂದೇ ಗೊತ್ತಾಗಿತ್ತು. ರಾಯಚೂರಿಗೆ ತಿಳಿಯಲು ಹತ್ತು ವರ್ಷ ಹಿಡಿಯಿತು.

ನಾನು ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಬಂದು ಟೈಪಿಂಗ್ ಕಲಿತವಳು. ಸೀನಿಯರ್ ಪರೀಕ್ಷೆ ಪಾಸಾದ ಮೇಲೆ, ಇಲ್ಲೇ ಕಲಿಸಲು ನಿಂತುಕೋ ಎಂದರು ಮಾಸ್ತರರು. ಅಪ್ಪ ಒಪ್ಪಲಿಲ್ಲ. ಸಾವುಕಾರರ ಅಕ್ಕಿ ಮಿಲ್ಲಿನಲ್ಲಿ ಬತ್ತ ಒಣಗಿಸುವ ಅವ್ವನ ಜೊತೆಗೆ ನನ್ನನ್ನೂ ಸೇರಿಸುವ ಯೋಚನೆ ಅವನದು. ಸುದ್ದಿ ಕೇಳಿ ಮಾಸ್ತರರು ಕೋಟು ಹಾಕಿಕೊಂಡು ನೇರ ನಮ್ಮ ಕೇರಿಗೆ ಬಂದರು, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತರು.

ಅವ್ವ ಬಾಗಿಲಲ್ಲೇ ನಿಂತಳು. ಅವಳ ಹೆಸರು ಹುಲಿಗೆವ್ವ. ಹೆಸರಿನಲ್ಲಿ ಹುಲಿ ಇದ್ದರೂ ಆ ದಿನ ಅವಳು ತಲೆ ಎತ್ತಲಿಲ್ಲ.

"ಒಂದು ತಂಬಿಗಿ ನೀರು ಕೊಡವ್ವಾ," ಎಂದರು ಮಾಸ್ತರರು.

"ಯಪ್ಪಾ, ನಮ್ಮನಿ ನೀರು ನೀವು ಹ್ಯಾಂಗ..." ಎಂದು ಅವ್ವ ಅಲ್ಲಿಗೇ ನಿಲ್ಲಿಸಿದಳು.

"ನೀರು ಕುಡೀದ ನಾ ಏಳಂಗಿಲ್ಲ."

ಅವರು ಏಳಲೂ ಇಲ್ಲ. ಎರಡು ಗಂಟೆಯ ಬಸ್ಸು ಹೋಯಿತು. ಕೋಟು ಹಾಕಿದವನು ಬಂದು ಕುಳಿತಿದ್ದಾನೆ, ಕೋರ್ಟಿನವನೇ ಇರಬೇಕು ಎಂದು ಕೇರಿಯೆಲ್ಲ ಕೂಡಿತು. ಮೂರೂವರೆಯ ಬಸ್ಸೂ ಹೋಯಿತು. ಅವರ ಕೋಟಿನ ಬೆನ್ನು ಬೆವರಿನಿಂದ ತೊಯ್ದು ಬಣ್ಣ ಬದಲಾಯಿಸಿತು. ಕೊನೆಗೆ ಈ ಮನುಷ್ಯ ನಮ್ಮ ಕಟ್ಟೆಯ ಮೇಲೆಯೇ ಸತ್ತಾನೆಂಬ ಹೆದರಿಕೆಗೆ ಅವ್ವ ತಂಬಿಗೆ ತಂದಳು. ಗಟಗಟ ಕುಡಿದು, "ಇನ್ನೊಂದು ತಂಬಿಗಿ," ಎಂದರು. ಎರಡನೆಯದನ್ನು ಅವ್ವ ಅವರ ಮುಖ ನೋಡಿ ಕೊಟ್ಟಳು. ಆಮೇಲೆ ಮಾತು ಐದೇ ನಿಮಿಷದ್ದು, ನಾನು ಟೀಚರಾದೆ. ಹೋಗುವಾಗ ಅಪ್ಪ ಅವರ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ನಡೆದ.

ಇನ್ನು ಕಂಪ್ಯೂಟರಿನ ಕಥೆ. ಎಂಬತ್ತರ ದಶಕದ ನಡುವಿನ ಮಾತು. ಮಾನ್ವಿಯ ಚನ್ನಬಸಪ್ಪ ಸಾವುಕಾರರಿಗೆ ಅವರ ಅಳಿಯ ಕುವೈತಿನಿಂದ ಒಂದು ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದ. ನೋಡಲು ಬರೀ ಅಕ್ಷರದ ಗುಂಡಿಗಳ ಹಲಗೆ. ಟಿವಿಗೆ ಜೋಡಿಸಬೇಕು, ಒಳಗಿನ ಪಾಠವನ್ನು, ಅಂದರೆ ಪ್ರೋಗ್ರಾಮನ್ನು, ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ತುಂಬಬೇಕು. ಸಾವುಕಾರರಿಗೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಜಿಲ್ಲೆಯಲ್ಲಿ ಅಷ್ಟೊಂದು ಗುಂಡಿಗಳ ಜೊತೆ ಸಂಬಂಧವಿದ್ದವರು ಮುರಿಗೆಪ್ಪ ಮಾಸ್ತರರು ಎಂದು ಯಾರೋ ಹೇಳಿದರು. ಸಾವುಕಾರರು ಜೀಪಿನಲ್ಲಿ ಬಂದರು, ಜೀಪಿನಿಂದ ಇಳಿಯಲಿಲ್ಲ, ಕಿಟಕಿಯಿಂದಲೇ ಕರಾರು ಹೇಳಿದರು.

"ಹೊಸ ಮನಿ ಕಟ್ಟಸಾಕತ್ತೀನಿ ಮಾಸ್ತರ್. ಮನಿ ತುಂಬೋ ದಿನ ದೇವದುರ್ಗದ ಬೀಗರು ಬರ್ತಾರ. ಅವ್ರ ಮುಂದ ನಾ ಇದರಾಗ ಒಂದು ಆಟ ಆಡಬೇಕು. ಆಟದಾಗ ನಮ್ಮ ಮಾನ್ವಿ ಬರಬೇಕು. ಅಷ್ಟು ಮಾಡಿಕೊಡು, ಮಷೀನು ಕಾಯಂ ನಿಂದ."

ಮಾಸ್ತರರಿಗೆ ಆ ಯಂತ್ರ ಸಿಕ್ಕದ್ದು ಮುದುಕನಿಗೆ ಎರಡನೆಯ ಸಲ ಹಲ್ಲು ಬಂದಂತಾಯಿತು. ಅದರ ಜೊತೆಗಿದ್ದ ಇಂಗ್ಲಿಷ್ ಪುಸ್ತಕವನ್ನು ಹದಿನೈದು ದಿನ ಎದೆಗವಚಿಕೊಂಡು ಓದಿದರು. ಒಂದು ಬೆಳಿಗ್ಗೆ ನನ್ನನ್ನೂ ಮೌಲಾಸಾಬನನ್ನೂ ಕರೆದು ಕೂರಿಸಿ, ನೀರು ಕುಡಿಸಿ, ಗುಟ್ಟು ಒಡೆದರು.

"ಇದು ಬ್ಯಾರೆ ಏನಲ್ಲ, ಪರದಿ ಹಿಂದಿನ ಕೆಲಸ. ಆಡಾಂವ ಹಿಂಗ ಅಂದ್ರ ನೀ ಹಂಗ ಅನ್ನು, ಅಂತ ಮೊದ್ಲ ಬರದಿಟ್ರ ಮುಗೀತು. ಮಷೀನು ಮಾತು ಎತ್ತಿಕೊಡ್ತದ, ಆಡಾಂವ ವೇಷ ಹಾಕ್ತಾನ. ಈ ಸಲ ಮೀಸಿ ಬೆಳಸಾಂವ ಯಾರೂ ಇಲ್ಲ."

ಆಟ ಹೀಗಿತ್ತು. ರಾಕ್ಷಸನೊಬ್ಬ ರಾಯಚೂರು ಕೋಟೆಯ ಕೆರೆಗೆ ಬೀಗ ಹಾಕಿ ಊರಿಗೆಲ್ಲ ನೀರು ಬಂದ್ ಮಾಡಿದ್ದಾನೆ. ಆಡುವವರು ರೈತ, ಸಿಪಾಯಿ, ವ್ಯಾಪಾರಿ ಇವುಗಳಲ್ಲಿ ಒಂದು ವೇಷ ಆರಿಸಿಕೊಂಡು ದೇವದುರ್ಗದಿಂದ ಹೊರಟು, ದಾರಿಯ ಮನೆಗಳಲ್ಲಿ ಸುಳಿವು ಕೇಳುತ್ತ, ಕೋಟೆ ತಲುಪಿ ನೀರು ಬಿಡಿಸಬೇಕು. ದೇವದುರ್ಗದಿಂದ ರಾಯಚೂರಿಗೆ ಮಾನ್ವಿಯ ಮೇಲೆ ಹೋಗುವುದು ಸುತ್ತು ದಾರಿ ಎಂದು ಮೌಲಾಸಾಬ ತಕರಾರು ತೆಗೆದ. "ಆಟದಾಗ ಹಂಗ ಹೋಗ್ತಾರ," ಎಂದು ಮಾಸ್ತರರು ಅವನ ಬಾಯಿ ಮುಚ್ಚಿಸಿದರು.

ನಾವು ಮೂವರೇ ಕಂಪನಿ. ಮಾಸ್ತರರು ಹೇಳುವುದು, ನಾನು ಟೈಪ್ ಮಾಡುವುದು, ಮೌಲಾಸಾಬ ಕ್ಯಾಸೆಟ್ಟಿಗೆ ತುಂಬುವುದು. ತುಂಬುವಾಗ ಆ ಕ್ಯಾಸೆಟ್ ಬೆಕ್ಕಿನ ಬಾಲ ತುಳಿದಂತೆ ಚೀರುತ್ತಿತ್ತು. ಮಾಸ್ತರರು ಒಂದು ಬೋರ್ಡನ್ನೂ ಬರೆಸಿದರು: ಮುರಿಗೆಪ್ಪ ಮತ್ತು ಮಂಡಳಿ, ಕಂಪ್ಯೂಟರ್ ವೇಷದ ಆಟ.

ಬೋರ್ಡು ಏರಿದ ವಾರಕ್ಕೇ ಮಟಮಾರಿಯಿಂದ ನಾಲ್ಕು ಮಂದಿ ಎಲೆ ಅಡಿಕೆ ಹಿಡಿದು ಬಂದರು. ನೀರಾದ ಮೇಲೆ ಮಾತಿಗೆ ಕುಳಿತರು.

"ನಮ್ಮೂರಾಗ ಒಂದು ಆಟ ಆಗಬೇಕ್ರಿ. ಪಾತ್ರದವ್ರು ಎಷ್ಟು ಮಂದಿ ಅದಾರ?"

"ಪಾತ್ರ ನೀವ ಮಾಡಬೇಕಾಗ್ತದ," ಎಂದರು ಮಾಸ್ತರರು.

"ನಾವ?"

"ಹೌದ್ರಿ. ಸಿಪಾಯಿ ಆದ್ರೂ ನೀವ, ರೈತ ಆದ್ರೂ ನೀವ."

"ನೋಡಾವ್ರು ಯಾರು?"

"ಅವ್ರೂ ನೀವ."

ನಾಲ್ವರೂ ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯನೊಬ್ಬ ಎಲೆ ಅಡಿಕೆಯನ್ನು ತಿರುಗಿ ಚೀಲಕ್ಕೆ ಹಾಕುತ್ತ, "ಹೊಲದಾಗ ದಿನಾ ಅದನ್ನ ಮಾಡಾಕತ್ತೀವಲ್ರಿ, ಅದಕ್ಕ ನಿಮಗ್ಯಾಕ ವೀಳ್ಯ ಕೊಡಬೇಕು?" ಎಂದ. ಇಂಥ ಆಟಗಳ ವಿಷಯದಲ್ಲಿ ಇದಕ್ಕಿಂತ ನೇರ ಪ್ರಶ್ನೆಯನ್ನು ನಾನು ಇಂದಿಗೂ ಕೇಳಿಲ್ಲ.

ಯಂತ್ರಕ್ಕೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿದ್ದೆವು. ಹಾಗಾಗಿ ಯಾರೇ ಆಡಲಿ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸವಾಯಿತು. ಒಂದು ಮಧ್ಯಾಹ್ನ ಅರ್ಜಿ ಟೈಪ್ ಮಾಡಿಸಲು ಬಂದ ಯರಗೇರಾದ ಮುದುಕರೊಬ್ಬರನ್ನು ಮಾಸ್ತರರು ಪರೀಕ್ಷೆಗೆಂದು ಆಟಕ್ಕೆ ಕೂರಿಸಿದರು. ಮೊದಲ ಮನೆ ಬಂತು. ಬರ್ರಿ, ಕುಂದರ್ರಿ, ನೀರು ತಗೋರಿ, ಯಾವೂರು, ಮಕ್ಕಳೆಷ್ಟು, ಮಳಿ ಆತೇನು ಎಂದು ಮಷೀನು ಕೇಳಿತು, ನಾನು ಓದಿದೆ. ಮುದುಕರು ಎಲ್ಲಕ್ಕೂ ಸಾವಕಾಶ ಉತ್ತರ ಹೇಳಿ, ನಾನು ಟೈಪ್ ಮಾಡುವವರೆಗೆ ಕಾದು, ಆಮೇಲೆ ಟಿವಿಯ ಕಡೆ ಬಾಗಿ ಕೇಳಿದರು:

"ನಿಮ್ಮ ಕಡಿ ಹ್ಯಾಂಗದ ಮಳಿ?"

ಮಷೀನು ಸುಮ್ಮನಿತ್ತು. ಮುದುಕರಿಗೆ ಬೇಸರವಾಯಿತು. "ಕೇಳೋದು ಕೇಳ್ತದ, ಹೇಳೋದು ಹೇಳಂಗಿಲ್ಲ. ಇದೇನು ಮನಿತನ?" ಎಂದು ಎದ್ದುಬಿಟ್ಟರು.

ಮಾಸ್ತರರು ಹಣೆ ಬಡಿದುಕೊಂಡರು. ಆ ವಾರವೆಲ್ಲ ಪ್ರತಿ ಮನೆಯವರೂ ತಮ್ಮ ಮಳೆ, ಬೆಳೆ, ಮಕ್ಕಳ ಸುದ್ದಿ ತಿರುಗಿ ಹೇಳುವಂತೆ ಬರೆಸಿದರು. ಜೊತೆಗೆ ಉಪಚಾರವೂ ಬೆಳೆಯಿತು. ಒಮ್ಮೆ ಕುಡಿದವರನ್ನು ಇನ್ನೊಂದು ತಂಬಿಗಿ ಎಂದು ಕೇಳಲೇಬೇಕು. ಒಲ್ಲೆ ಎಂದವರನ್ನು, ಹಂಗ ಅನಬಾರದು, ಕುಂದರ್ರಿ, ಎಂದು ತಿರುಗಿ ಕೂರಿಸಬೇಕು. ನೀರು ಕುಡಿಯದ ಹೊರತು ಯಾವ ವೇಷದವರೂ ಯಾವ ಮನೆಯಿಂದಲೂ ಏಳುವಂತಿಲ್ಲ. ಆಟಕ್ಕೆ ಇದೊಂದೇ ಗಟ್ಟಿ ನಿಯಮ.

ನಮ್ಮ ಕಡೆ ಅಪರಿಚಿತರನ್ನು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆಯೊಂದುಂಟು. ನೀವು ಯಾರ ಪೈಕಿ ಎಂಬುದು. ಅದು ಮಾತ್ರ ಆಟದಲ್ಲಿ ಎಲ್ಲೂ ಇರಲಿಲ್ಲ.

"ಅದೊಂದು ಬಿಟ್ಟೀರಲ್ಲ ಸರ್?" ಎಂದೆ.

"ಮಷೀನಿನಾಗ ಜಾಗ ಇಲ್ಲವ್ವಾ," ಎಂದರು, ನನ್ನ ಮುಖ ನೋಡದೆ.

ಜಾಗ ಇಲ್ಲದ್ದು ನಿಜವೂ ಆಯಿತು. ಮಾನ್ವಿಗೆ ಒಂದು ಮನೆ ಬೇಕಿತ್ತು. ಮಾಸ್ತರರು ಕ್ಷಣವೂ ಯೋಚಿಸದೆ, "ಬರಿ ಶಾಂತವ್ವಾ. ಮಾನ್ವಿ. ಕೆನಾಲ್ ದಾಟಿದ ಮ್ಯಾಲೆ ಕೇರಿ. ಹುಲಿಗೆವ್ವನ ಮನಿ," ಎಂದರು. ನಾನು ಬೆರಳು ಎತ್ತಿ ಕುಳಿತೆ. ಸಾವುಕಾರರು ಅವರ ಮಿಲ್ಲು ಬರುತ್ತದೆಂದು ಕಾಯುತ್ತಿದ್ದಾರೆ ಎಂದು ನೆನಪಿಸಿದೆ. "ಮಿಲ್ಲಿನಾಗ ನನಗ ಯಾರೂ ನೀರು ಕೊಟ್ಟಿಲ್ಲ," ಎಂದರು. ಆ ಮನೆಗೆ ಉಳಿದ ಮನೆಗಳಿಗಿಂತ ಎರಡು ಪಟ್ಟು ಉಪಚಾರ ತುಂಬಿಸಿದರು. ಅದು ಮುಗಿಯುವಷ್ಟರಲ್ಲಿ ಯಂತ್ರದ ನೆನಪಿನ ಜಾಗವೆಲ್ಲ ತುಂಬಿಹೋಗಿತ್ತು. ಕೋಟೆ, ಬೀಗ, ರಾಕ್ಷಸ, ಯುದ್ಧ ಎಲ್ಲ ಇನ್ನೂ ಹೊರಗೇ ಉಳಿದಿದ್ದವು.

"ರಾಕ್ಷಸನ ಬಿಡಾಕ ಬರಂಗಿಲ್ಲ ಸರ್. ಎರಡು ಮನಿಯ ಮಳಿ ಸುದ್ದಿ ತೆಗೀರಿ," ಎಂದೆ.

"ಮಂದಿ ಮಳಿ ತಗದು ರಾಕ್ಷಸಗ ಜಾಗ ಕೊಡಬೇಕೇನು?"

ಅಲ್ಲಿ ಇಲ್ಲಿ ಒಂದೊಂದು ಅಕ್ಷರ ಉಳಿಸಿ ಒಂದು ಸಾಲಿನ ಜಾಗ ಮಾಡಿದೆವು. ಎಂಟು ತಿಂಗಳ ದುಡಿಮೆಯ ಕೊನೆಯ ಆ ಸಾಲನ್ನು ಮಾಸ್ತರರು ಕಣ್ಣು ಮುಚ್ಚಿಕೊಂಡು ಹೇಳಿದರು: "ರಾಕ್ಷಸರು ಮನಿಯಾಗ ಇಲ್ಲ. ನಾಳಿ ಬರ್ರಿ." ಮೌಲಾಸಾಬ ನಕ್ಕು ನಕ್ಕು ಸ್ಟೂಲಿನಿಂದ ಬಿದ್ದ. ರಾಕ್ಷಸನಿಗೂ ಬಹುವಚನ ಯಾಕೆಂದು ನಾನು ಕೇಳಲಿಲ್ಲ. ಗಬ್ಬೂರಿನ ಕಥೆ ನನಗೆ ಗೊತ್ತಿತ್ತಲ್ಲ.

ಸಾವುಕಾರರ ಹೊಸ ಮನೆಯ ದಿನ ಬಂತು. ನಾನು ಹುಟ್ಟಿದಂದಿನಿಂದ ಕಂಡ ಸಾವುಕಾರರು ಅವರು. ಅವರ ಪಡಸಾಲೆಗೆ ಕಾಲಿಟ್ಟದ್ದು ಅದೇ ಮೊದಲು. ಅವ್ವ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ನಾನು ಕಂಪ್ಯೂಟರ್ ಓದುವ ಟೀಚರ್ ಬಾಯವರು ಎಂದು ಮುಂಬಾಗಿಲಿನಿಂದ ಒಳಗೆ ಬಂದೆ. ಬರುವಾಗ ಬಸ್ಸಿನಲ್ಲಿ ಮಾಸ್ತರರಿಗೆ ಕೈ ಮುಗಿದಿದ್ದೆ, "ಸರ್, ಆ ಮನಿಯ ಹೆಸರು ಒಂದು ಬದಲು ಮಾಡ್ರಿ, ಮಷೀನು ಹೋಗಿಬಿಡ್ತದ," ಎಂದು. ಅವರು ಕಿಟಕಿಯ ಹೊರಗೆ ಬತ್ತದ ಗದ್ದೆ ನೋಡುತ್ತ ಕುಳಿತಿದ್ದರು.

ಬೀಗರು ಜಮಖಾನೆಯ ತುಂಬ ಕುಳಿತಿದ್ದರು. ಕ್ಯಾಸೆಟ್ ಚೀರಿ ಮುಗಿಯಿತು. ಸಾವುಕಾರರು ಸಿಪಾಯಿ ವೇಷ ಆರಿಸಿ ಮೀಸೆ ಮುಟ್ಟಿಕೊಂಡರು. ಒಂದು ಒತ್ತಿದರೆ ನೀರು ಕುಡಿದಂತೆ, ಎರಡು ಒತ್ತಿದರೆ ಒಲ್ಲೆ ಎಂದಂತೆ. ದೇವದುರ್ಗದ ಮನೆಯಲ್ಲಿ ಒಂದು ಒತ್ತಿದರು. ನಾನು ಉಪಚಾರದ ಮಾತು ಓದಿದೆ, ಬೀಗರು ಚಪ್ಪಾಳೆ ತಟ್ಟಿದರು. ಗಬ್ಬೂರಿನಲ್ಲಿ ಎರಡು ತಂಬಿಗೆ ಕುಡಿದರು. "ಈಗ ನೋಡ್ರಿ, ನಮ್ಮ ಮಾನ್ವಿ, ನಮ್ಮ ಮಿಲ್ಲು ಬರ್ತದ," ಎಂದು ಎದೆ ಮುಂದೆ ಮಾಡಿ ಕುಳಿತರು.

ಪರದೆಯ ಮೇಲೆ ಮಾನ್ವಿ ಬಂತು. ಹಿತ್ತಿಲಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ನಾನು ಸುಮ್ಮನಾದದ್ದು ಕಂಡು ಬೆನ್ನ ಹಿಂದೆ ನಿಂತಿದ್ದ ಮಾಸ್ತರರು, ಹಳೆಯ ಅಭ್ಯಾಸದಂತೆ, ಪಿಸುಮಾತಿನಲ್ಲಿ ಎತ್ತಿಕೊಟ್ಟರು: "ಕೆನಾಲ್ ದಾಟಿದ ಮ್ಯಾಲೆ ಕೇರಿ..."

ಓದಿದೆ. "ಹುಲಿಗೆವ್ವನ ಮನಿ. ಬರ್ರಿ, ಕುಂದರ್ರಿ. ಬಿಸಿಲಾಗ ಬಂದೀರಿ, ನೀರು ತಗೋರಿ."

ಸಾವುಕಾರರು ನನ್ನ ಮುಖ ನೋಡಿದರು, ಮಾಸ್ತರರ ಮುಖ ನೋಡಿದರು, ಎರಡು ಒತ್ತಿದರು.

"ಹಂಗ ಅನಬಾರದು. ಕುಂದರ್ರಿ. ನೀರು ತಗೋರಿ."

ಮತ್ತೆ ಎರಡು. ಮತ್ತೆ ಅದೇ ಮಾತು. ಹನ್ನೊಂದು ಸಲ ಒತ್ತಿದರೆಂದು ಮೌಲಾಸಾಬ ಆಮೇಲೆ ಆಣೆ ಮಾಡಿ ಹೇಳುತ್ತಿದ್ದ. ಹನ್ನೊಂದು ಸಲವೂ ನಾನು ಓದಬೇಕಾಯಿತು, ಓದುತ್ತ ಓದುತ್ತ ನನ್ನ ದನಿ ಗಟ್ಟಿಯಾಗುತ್ತ ಹೋಯಿತು. ಏನೂ ತಿಳಿಯದ ಹಿರಿಯ ಬೀಗರು, "ಕುಡದು ಏಳ್ರಿ ಬೀಗರ, ಮುಂದ ರಾಕ್ಷಸನ ನೋಡಬೇಕು," ಎಂದು ಅವಸರ ಮಾಡಿದರು.

"ಬ್ಯಾರೆ ದಾರಿ ಇಲ್ಲೇನು ಮಾಸ್ತರ್?" ಹಲ್ಲು ಕಚ್ಚಿ ಕೇಳಿದರು ಸಾವುಕಾರರು.

"ಇಲ್ರಿ."

ಸಾವುಕಾರರು ಬಾಗಿ ತಾವೇ ಗೋಡೆಯ ಸ್ವಿಚ್ ಒತ್ತಿದರು. ಪರದೆ ಕಪ್ಪಾಯಿತು. "ಕರೆಂಟ್ ಹೋತು ನೋಡ್ರಿ, ಊಟಕ್ಕ ಏಳ್ರಿ," ಎಂದರು. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಬೀಗರು ಒಮ್ಮೆ ಫ್ಯಾನು ನೋಡಿದರು, ಒಮ್ಮೆ ಸಾವುಕಾರರನ್ನು ನೋಡಿದರು, ಊಟಕ್ಕೆ ಎದ್ದರು.

ಆ ಸಂಜೆಯೇ ನಾವು ಯಂತ್ರ ಕಟ್ಟಿಕೊಂಡು ಬಸ್ಸಿನಲ್ಲಿ ವಾಪಸು ಬಂದೆವು. ಮರುದಿನ ಮಿಲ್ಲಿನ ಗುಮಾಸ್ತ ರಾಯಚೂರಿಗೆ ಬಂದ. ನೀರು ಕುಡಿದು ಹೇಳಿದ: "ಆ ಒಂದು ಮನಿ ತೆಗೀಬೇಕಂತ್ರಿ. ತೆಗದ್ರ ಮಷೀನು ನಿಮ್ದ. ಇಲ್ಲಂದ್ರ ನಾಳಿ ಹಮಾಲರು ಬರ್ತಾರ."

ಮಾಸ್ತರರು ನನ್ನ ಕಡೆ ತಿರುಗಿದರು. "ನಿಮ್ಮವ್ವನ ಮನಿ. ನೀ ಹೇಳು."

ನನಗೆ ಯಂತ್ರ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಕನಸಿನಲ್ಲೂ ನನ್ನ ಬೆರಳು ಆಡುತ್ತಿದ್ದವು. "ತೆಗೀರಿ ಸರ್. ಬರೇ ಆಟ ಅಲ್ಲೇನು? ನಮ್ಮವ್ವಗ ಗೊತ್ತೂ ಆಗಂಗಿಲ್ಲ," ಎಂದೆ.

"ಆತು. ನೀನ ತೆಗಿ. ನಾ ಬರದದ್ದು, ನೀ ಹೊಡದದ್ದು," ಎಂದು ತಮ್ಮ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು.

ಕುಳಿತೆ. ಅಳಿಸಬೇಕಾದ ಸಾಲುಗಳನ್ನು ಪರದೆಯ ಮೇಲೆ ತಂದುಕೊಂಡೆ. ಬತ್ತದ ಧೂಳು ಹತ್ತಿದ ಸೆರಗಿನ ಅವ್ವ, ಮೂರೂವರೆಯ ಬಸ್ಸು, ಬೆವರಿನ ಕೋಟು ಎಲ್ಲ ಆ ಸಾಲುಗಳಲ್ಲಿ ಕುಳಿತಿದ್ದವು. ನಿಮಿಷಕ್ಕೆ ನಲವತ್ತೈದು ಶಬ್ದ ಹೊಡೆಯುವ ನನ್ನ ಕೈ ಒಂದು ಗುಂಡಿಯನ್ನೂ ಒತ್ತಲಿಲ್ಲ. ಅತ್ತುಬಿಟ್ಟೆ. ಮಾಸ್ತರರು ಒಂದು ತಂಬಿಗೆ ನೀರು ತಂದುಕೊಟ್ಟು, ಗುಮಾಸ್ತನಿಗೆ, "ಆಗಂಗಿಲ್ಲ ಅಂತ ಹೇಳ್ರಿ. ಸಿಟ್ಟಿನ್ಯಾಗ ಅಲ್ಲ, ನಮಸ್ಕಾರ ಹೇಳಿ ಹೇಳ್ರಿ," ಎಂದರು.

ಮರುದಿನ ಇಬ್ಬರು ಹಮಾಲರು ಬಂದರು. ಮಾಸ್ತರರು ಅವರನ್ನೂ ಕೂರಿಸಿದರು. ಯಂತ್ರವನ್ನು ಹೊತ್ತೊಯ್ಯಲು ಬಂದವರಿಗೂ ಎರಡೆರಡು ತಂಬಿಗೆ. ಕುಡಿಯದೆ ಏಳಲು ಬಿಡಲಿಲ್ಲ. ಯಂತ್ರ ಜೀಪು ಹತ್ತುವಾಗ ಬಾಗಿಲಲ್ಲಿ ನಿಂತು, ಬೀಗರನ್ನು ಕಳಿಸಿದಂತೆ ಕೈ ಮುಗಿದರು. ನಮ್ಮ ಕಂಪನಿ ಅಂದಿಗೆ ಮುಗಿಯಿತು. ಬೋರ್ಡು ಮಾತ್ರ ಎರಡು ವರ್ಷ ಅಲ್ಲೇ ತೂಗುತ್ತಿತ್ತು. ಅದನ್ನು ನೋಡಿ ವೇಷದ ಬಟ್ಟೆ ಬಾಡಿಗೆಗೆ ಕೇಳಲು ಶಾಲೆಯ ಮಕ್ಕಳು ಬರುತ್ತಿದ್ದರು.

ಕ್ಯಾಸೆಟ್ ಮಾಸ್ತರರ ಹತ್ತಿರವೇ ಉಳಿಯಿತು. ನನಗೆ ದೇವದುರ್ಗದ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು, ಅವರು ಇನ್‌ಸ್ಟಿಟ್ಯೂಟ್ ಮುಚ್ಚಿ ಗಬ್ಬೂರಿಗೆ ಹೋದರು. ಕೊನೆಯ ಸಲ ನೋಡಿದಾಗ ತಮ್ಮನ ಮನೆಯ ಕಟ್ಟೆಯ ಮೇಲೆ ಸಾದಾ ಟೇಪ್ ರೆಕಾರ್ಡರಿನಲ್ಲಿ ಆ ಕ್ಯಾಸೆಟ್ ಹಾಕಿ ಕುಳಿತಿದ್ದರು. ಅದು ಚೀರುತ್ತಿತ್ತು. ಊರ ನಾಯಿಗಳು ಸುತ್ತ ನಿಂತು ಜೊತೆಗೂಡಿದ್ದವು. ತಮ್ಮನ ಹೆಂಡತಿ ಕಿವಿ ಮುಚ್ಚಿಕೊಂಡು, "ಇದೊಂದು ಬಿಡಿಸವ್ವಾ, ಪುಣ್ಯ ಬರ್ತದ," ಎಂದು ನನಗೆ ದೂರು ಹೇಳಿದಳು. ಮಾಸ್ತರರು ಬೆರಳೆತ್ತಿ ನಮ್ಮಿಬ್ಬರನ್ನೂ ಸುಮ್ಮನಾಗಿಸಿದರು.

"ಕೇಳು. ಗಬ್ಬೂರು ಮುಗೀತು. ಈಗ ಕೆನಾಲ್ ದಾಟಿತು. ಹಾಂ, ಇದು ನಿಮ್ಮವ್ವನ ಮನಿ."

ನನಗೆ ಎಲ್ಲ ಚೀರಾಟವೂ ಒಂದೇ ಆಗಿ ಕೇಳಿತು. ಆದರೂ ಹೌದು ಸರ್ ಎಂದೆ. ಅವತ್ತು ನಾನೇ ಒಳಗಿನಿಂದ ತಂಬಿಗೆ ತಂದು ಅವರಿಗೆ ಕೊಟ್ಟೆ.

ಆ ದಶಕ ಮುಗಿಯುವ ಮುಂಚೆ ಮಾಸ್ತರರು ಹೋದರು. ಗಬ್ಬೂರಿಗೆ ಹೋಗಿ ಮಣ್ಣು ಹಾಕಿ ಬಂದೆ, ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಬಸ್ಸಿಗೆ ನಿಂತಾಗ ಚನ್ನಬಸಪ್ಪ ಸಾವುಕಾರರ ಜೀಪು ಪಕ್ಕದಲ್ಲಿ ನಿಂತಿತು. ಅವರೂ ಮಣ್ಣಿಗೆ ಬಂದಿದ್ದರು.

"ಮಾನ್ವಿಗೇನವ್ವಾ? ಹತ್ತು."

ಹತ್ತಿ ಕುಳಿತೆ. ಊರು ದಾಟಿದ ಮೇಲೆ ಅವರು ರಸ್ತೆಯ ಕಡೆಗೇ ನೋಡುತ್ತ ಕೇಳಿದರು. "ಒಂದು ಮಾತು ಕೇಳಬೇಕಾಗಿತ್ತು. ಆ ಮನಿ ದಾಟಿದ ಮ್ಯಾಲೆ ಏನಿತ್ತು?"

ನನಗೆ ಮೊದಲು ತಿಳಿಯಲಿಲ್ಲ.

"ಆ ಆಟದಾಗ. ಅಳಿಯ ಆಮ್ಯಾಲೆ ಬ್ಯಾರೆ ಆಟ ತಂದ. ಎಲ್ಲಾದ್ರಾಗೂ ವೈರಿ ಬರ್ತಾನ, ಹೊಡದ್ರ ಸಾಯ್ತಾನ, ಮುಗೀತು. ಇಂವ ಎಂಟು ತಿಂಗಳು ಕುಂತು ಏನು ಮಾಡಿದ್ದ ಅಂತ ತಲಿಯಾಗ ಕೊರೀತಾನ ಅದ. ಈಗ ಕೇಳಾಕ ಅಂವನೂ ಇಲ್ಲ."

ನಾನು ಹೇಳಿಬಿಡಬಹುದಿತ್ತು, ಒಂದೇ ಸಾಲು. ಆದರೆ ಹನ್ನೊಂದು ಸಲ ಓದಿದ ದನಿ ಗಂಟಲಿಗೆ ಬಂತು. "ನೀರು ಕುಡೀದ ಮುಂದಿಂದು ಹೇಳಾಕ ಬರಂಗಿಲ್ರಿ ಸಾವುಕಾರ್ರ. ಆಟಕ್ಕ ಅದೊಂದ ನಿಯಮ."

ಜೀಪು ಕೆನಾಲ್ ದಾಟಿತು. ಕೇರಿಯ ಬಾಯಿಗೆ ನನ್ನನ್ನು ಇಳಿಸಿ ಹೋಗುತ್ತಾರೆ ಎಂದುಕೊಂಡೆ. ಜೀಪು ಒಳಗೇ ಬಂತು. ಸಾವುಕಾರರು ಇಳಿದು, ಚಪ್ಪಲಿ ಬಿಟ್ಟು, ಮಾಸ್ತರರು ಕುಳಿತಿದ್ದ ಅದೇ ಕಟ್ಟೆಯ ಮೇಲೆ ಕುಳಿತರು. ಅವ್ವ ಬಾಗಿಲಿಗೆ ಬಂದವಳು ಹಾಗೇ ನಿಂತಳು.

"ನೀರು ಕೊಡವ್ವಾ ಹುಲಿಗೆವ್ವ. ಕುಡೀದಿದ್ರ ನಿನ್ನ ಮಗಳು ಏಳಾಕ ಬಿಡಂಗಿಲ್ಲ."

ಅವ್ವ ನನ್ನ ಮುಖ ನೋಡಿದಳು. ಒಳಗೆ ಹೋಗಿ ತಂಬಿಗೆ ತಂದಳು. ಅವರು ಕುಡಿದರು. ತಂಬಿಗೆ ತೆಗೆದುಕೊಳ್ಳುತ್ತ ಅವ್ವ, ಆ ಆಟವನ್ನು ಒಂದು ಸಲವೂ ನೋಡದವಳು, "ಇನ್ನೊಂದು ತಂಬಿಗಿ?" ಎಂದಳು.

ಸಾವುಕಾರರು ನನ್ನ ಕಡೆ ತಿರುಗಿದರು. "ಇದೂ ಆಟದಾಗ ಇತ್ತೇನು?"

"ಇತ್ರಿ."

ಎರಡನೆಯದನ್ನೂ ಕುಡಿದರು. ಎರಡು ತಂಬಿಗೆ ನೀರಿಗೆ ಮಾನ್ವಿ ಬದಲಾಯಿತೆಂದು ಬರೆಯುವಷ್ಟು ದಡ್ಡಿ ನಾನಲ್ಲ. ಮರುದಿನವೂ ಮಿಲ್ಲಿನಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳ ನೀರಿನ ಕೊಡ ಬೇರೆಯೇ ಇತ್ತು, ಅದಕ್ಕಾಗಿ ಅವರ ಮೇಲಿನ ಸಿಟ್ಟು ನನಗೆ ಇಂದಿಗೂ ಹೋಗಿಲ್ಲ. ಆದರೆ ಮಾತು ಕೊಟ್ಟಿದ್ದೆ. ಕೈ ಕಟ್ಟಿ ನಿಂತು, ಅವರ ಪಡಸಾಲೆಯಲ್ಲಿ ಓದಿದಷ್ಟೇ ಗಟ್ಟಿಯಾಗಿ, ಉಳಿದ ಸಾಲನ್ನು ಓದಿದೆ.

"ರಾಯಚೂರು ಕೋಟಿ ಬಂತು. ರಾಕ್ಷಸರು ಮನಿಯಾಗ ಇಲ್ಲ. ನಾಳಿ ಬರ್ರಿ."

"ಅಷ್ಟನ?"

"ಅಷ್ಟರಿ."

ಸಾವುಕಾರರು ಬಾಯಿ ತೆರೆದು ಕುಳಿತರು. ಆಮೇಲೆ ನಕ್ಕರು, ಕುಡಿದ ನೀರು ಮೂಗಿಗೆ ಬರುವಷ್ಟು, ಕೇರಿಯ ಮಕ್ಕಳೆಲ್ಲ ಓಡಿ ಬರುವಷ್ಟು. ನಗು ನಿಂತ ಮೇಲೆ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡು, "ನಾಳಿ ಬರ್ರಿ ಅಂತ ಮಂದಿಗೆ ಹೇಳಿ ತಾ ಇವತ್ತ ಹೋದ ನೋಡವ್ವಾ ಮಾಸ್ತರ," ಎಂದರು.

ಗಬ್ಬೂರಿನಲ್ಲಿ ಬಾರದ ಅಳು ನನಗೆ ಆಗ ಬಂತು. ಕಟ್ಟೆಯ ಕಂಬ ಹಿಡಿದುಕೊಂಡು ಅತ್ತೆ. ಏನಾಗಿದೆ ಎಂದು ಅವ್ವನಿಗೆ ತಿಳಿಯಲಿಲ್ಲ. ಅವಳು ಕೇಳಲೂ ಇಲ್ಲ. ಒಳಗೆ ಹೋಗಿ ಇನ್ನೊಂದು ತಂಬಿಗೆ ನೀರು ತುಂಬಿಕೊಂಡು ಬಂದು ನನ್ನ ಕೈಗೆ ಕೊಟ್ಟಳು.